ಏಳು ಅಂದಿದ್ದರೆ ಸಾಕಿತ್ತು

ಕನ್ಯೆ ನೋಡಲು ಬಂದವರ ಮುಂದೆ ಹುಡುಗಿ ಎಷ್ಟು ಮಾತಾಡಬೇಕು ಎಂಬುದಕ್ಕೆ ನಮ್ಮ ಕಡೆ ಒಂದು ಅಳತೆ ಇದೆ. ಹೆಸರು ಕೇಳುತ್ತಾರೆ, ಓದು ಕೇಳುತ್ತಾರೆ, ಅಡುಗೆ ಬರುತ್ತದೆಯೇ ಎಂದು ಕೇಳುತ್ತಾರೆ. ಮೆಲ್ಲಗೆ ಉತ್ತರ ಕೊಟ್ಟು ತಲೆ ತಗ್ಗಿಸಿದರೆ ಮುಗಿಯಿತು. ಉತ್ತರ ಯಾರಿಗೂ ಬೇಕಾಗಿರುವುದಿಲ್ಲ. ಹುಡುಗಿಗೆ ಕಿವಿ ಕೇಳಿಸುತ್ತದೆ, ಮಾತು ಬರುತ್ತದೆ ಎಂದು ಖಾತ್ರಿ ಮಾಡಿಕೊಳ್ಳುವ ಶಾಸ್ತ್ರ ಅದು, ಅಷ್ಟೇ. ಇದನ್ನು ಅವ್ವ ಆ ಭಾನುವಾರ ಬೆಳಿಗ್ಗೆ ಎದ್ದಾಗಿನಿಂದ ನನ್ನ ಕಿವಿಯಲ್ಲಿ ತುಂಬುತ್ತಲೇ ಇದ್ದಳು.

"ಕೇಳಿದ್ದಕ್ಕಷ್ಟ ಹೇಳು. ಕೇಳಿದವ್ರನ್ನ ತಿರುಗಿ ಕೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೇನಿ."

ಅವ್ವನ ಹೆದರಿಕೆಗೆ ಕಾರಣವಿತ್ತು. ಹಿಂದಿನ ಸಲ ಹಿರೇಕೆರೂರು ಕಡೆಯಿಂದ ಬಂದಿದ್ದ ವರ, ತಾನು ಮಷಿನ್ನಿನಿಂದ ಕ್ಷಾರ ಮಾಡಿದ ನೀರನ್ನೇ ಕುಡಿಯುತ್ತೇನೆ, ಅದರಿಂದ ರಕ್ತ ಶುದ್ಧವಾಗುತ್ತದೆ ಎಂದು ಜಂಬ ಕೊಚ್ಚಿದ್ದ. ನಾನು ಸುಮ್ಮನಿರಬೇಕಿತ್ತು. "ಹೊಟ್ಟ್ಯಾಗಿನ ಆಮ್ಲದ ಕೂಡ ನಿಮ್ಮ ಕ್ಷಾರ ಎಷ್ಟೊತ್ತು ಬಾಳ್ವೆ ಮಾಡ್ತೈತ್ರಿ?" ಎಂದು ಕೇಳಿಬಿಟ್ಟೆ. ಅವನು ಆಮೇಲೆ ಯಾವ ನೀರನ್ನೂ ಕುಡಿಯದೆ ಹೋದ. ಹೋಗಲಿ ಬಿಡಿ, ಅವನ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ನಾನು ಹಾನಗಲ್ಲಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆಗ ದಿನಾ ತಿಳವಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮೂವತ್ತು ಹತ್ತಿರವಾಗಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ನಾನೂ ಅದನ್ನು ಮುಚ್ಚಿಡುವ ಗೋಜಿಗೆ ಹೋಗಿರಲಿಲ್ಲ.

ಈ ಸಲದ ವರ ಸವಣೂರಿನವನು. ಸಂಬಂಧ ತಂದವನು ಅವ್ವನ ತಮ್ಮ, ಶಿಗ್ಗಾಂವಿಯಲ್ಲಿರುವ ನಮ್ಮ ಮಾಮಾ. ವರನ ತಂದೆ ನಿವೃತ್ತ ಹೆಡ್‌ಮಾಸ್ತರರು. ಸವಣೂರು, ಶಿಗ್ಗಾಂವಿ ಸುತ್ತಿನ ಹೈಸ್ಕೂಲುಗಳಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿದವರು. ಮಾಮಾನೂ ಅವರ ಕೈಯಲ್ಲಿ ಕಲಿತವನೇ. ಐವತ್ತು ದಾಟಿದ, ಇಬ್ಬರು ಮಕ್ಕಳ ಮದುವೆ ಮಾಡಿ ಮುಗಿಸಿದ ಈ ಮನುಷ್ಯ, ಹೆಡ್‌ಮಾಸ್ತರರು ಕಾರಿನಿಂದ ಇಳಿದದ್ದೇ ತಡ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಹಿತ್ತಲಿಗೆ ಓಡಿಹೋಗಿ ಉಗುಳಿ ಬಂದ. ಅದನ್ನು ನೋಡಿಯೇ ನನಗೆ ನಗು ಶುರುವಾಗಿತ್ತು. ನಗುತ್ತಲೇ ಅವಲಕ್ಕಿಯ ತಾಟುಗಳನ್ನು ಹಿಡಿದುಕೊಂಡು ಪಡಸಾಲೆಗೆ ಹೋದೆ.

ಜಮಖಾನೆಯ ಮೇಲೆ ಅವರ ಕಡೆಯವರು ಆರು ಮಂದಿ ಕುಳಿತಿದ್ದರು. ಎದುರಿಗೆ ನಮ್ಮವರೂ ಅಷ್ಟೇ. ಹೆಡ್‌ಮಾಸ್ತರರದು ಗರಿಗರಿ ಬಿಳಿ ಅಂಗಿ, ನೆಟ್ಟಗೆ ನಿಲ್ಲಿಸಿದಂಥ ಬೆನ್ನು. ಅವರ ಮಗ ಗೋಡೆಗೆ ಒರಗಿ ಅವಲಕ್ಕಿ ತಿನ್ನುತ್ತಿದ್ದ. ನನ್ನನ್ನು ಕದ್ದು ನೋಡುತ್ತಿರಲಿಲ್ಲ, ಸೀದಾ ನೋಡುತ್ತಿದ್ದ. ಪರವಾಗಿಲ್ಲ ಎನಿಸಿತು.

ಹೆಡ್‌ಮಾಸ್ತರರು ಹೆಸರು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು, "ರಸಾಯನಶಾಸ್ತ್ರ ಕಲಸ್ತಿ ಅಂತ. ಹಂಗಾದ್ರ ಹೇಳು ನೋಡೂಣು, ಶುದ್ಧ ನೀರಿನ ಪಿಎಚ್ ಎಷ್ಟು?" ಎಂದರು.

ಎಲ್ಲರೂ ನಕ್ಕರು. ಪ್ರೀತಿಯ ಪ್ರಶ್ನೆ ಅದು, ಮಗುವಿಗೆ ಮೂಗು ಎಲ್ಲಿದೆ ಎಂದು ಕೇಳುವಂಥದ್ದು. ಅವರ ಬೆನ್ನ ಹಿಂದೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಮಾಮಾ ಒಂದು ಕೈಯ ಐದು ಬೆರಳು, ಇನ್ನೊಂದರ ಎರಡು ಬೆರಳು ಎತ್ತಿ ನನಗೆ ತೋರಿಸುತ್ತಿದ್ದ. ಅಲ್ಲ, ಪಿಎಚ್ ಏಳು ಎಂದು ನನಗೇ ಹೇಳಿಕೊಡುವುದೇ! ಮಾಮಾನ ಆ ಏಳು ಬೆರಳು ನೋಡಿ ನನ್ನೊಳಗೆ ಏನೋ ಚುರ್ರೆಂದಿತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ನೀರು ಎಷ್ಟು ಡಿಗ್ರಿ ಬಿಸಿ ಇದ್ದಾಗ್ರಿ, ಸರ್ರ?"

ಅವ್ವ ಕಣ್ಣು ಮುಚ್ಚಿಕೊಂಡಳು. ಹೆಡ್‌ಮಾಸ್ತರರು ತಾಟನ್ನು ತೊಡೆಯ ಮೇಲಿಟ್ಟುಕೊಂಡು, "ಎಷ್ಟು ಡಿಗ್ರಿ ಅಂದ್ರ ಏನು? ಬಿಸಿ ಇರ್ಲಿ, ತಣ್ಣಗಿರ್ಲಿ, ಶುದ್ಧ ನೀರು ಅಂದ್ರ ಏಳು" ಎಂದರು.

"ಇಪ್ಪತ್ತೈದು ಡಿಗ್ರಿ ಇದ್ದಾಗ ಏಳ್ರಿ. ಕಾದಂಗೆಲ್ಲ ಇಳೀತೈತಿ. ಕುದಿಯೂ ಮುಂದ ಆರು ಚಿಲ್ರಿ ಆಗ್ತೈತ್ರಿ."

ಹೆಡ್‌ಮಾಸ್ತರರು ತಿರುಗಿ ನೋಡದೆಯೇ ಬಾಗಿಲಿನತ್ತ ಬೆರಳು ಮಾಡಿದರು. "ಏಳಕ್ಕಿಂತ ಕಮ್ಮಿ ಇದ್ರ ಏನಂತಾರೋ? ನೀ ಹೇಳು."

ಮಾಮಾ ಕೈಕಟ್ಟಿ ನಿಂತುಕೊಂಡ. "ಆಮ್ಲ ಅಂತಾರ್ರಿ, ಸರ್ರ!"

"ಕೇಳಿದೇನವ್ವಾ? ನೀ ಹೇಳೂ ಪ್ರಕಾರ ನಿಮ್ಮವ್ವ ದಿನಾ ಹಂಡೆದಾಗ ಆಮ್ಲ ಕಾಸಿ ಮಂದಿಗೆ ಜಳಕಾ ಮಾಡಸ್ತಾಳ!"

ಅಷ್ಟರಲ್ಲಿ ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ವರ ನಗುತ್ತಿದ್ದ. ಅದು ಮುಗುಳುನಗೆಯಲ್ಲ, ಗಹಗಹಿಸುವ ನಗು. ಬಾಯ್ತುಂಬ ಅವಲಕ್ಕಿ ಇತ್ತು. ನೆತ್ತಿಗೆ ಹತ್ತಿ ಕೆಮ್ಮು, ಕೆಮ್ಮಿನೊಳಗೆ ಮತ್ತೆ ನಗು. ಪಕ್ಕದಲ್ಲಿದ್ದ ಅವನ ಸೋದರತ್ತೆ ಬೆನ್ನಿಗೆ ದಬದಬ ಗುದ್ದುತ್ತಿದ್ದರು. ಅವನು ಅಪ್ಪನನ್ನು ನೋಡಿ ನಗುತ್ತಿರಲಿಲ್ಲ, ನನ್ನನ್ನು ಗೇಲಿ ಮಾಡಿಯೂ ನಗುತ್ತಿರಲಿಲ್ಲ. ಒಳ್ಳೆಯ ಆಟ ನೋಡುವವನ ಹಾಗೆ ಖುಷಿಯಿಂದ ನಗುತ್ತಿದ್ದ. ಏನು ಹೇಳಲಿ, ನಾನು ಅಲ್ಲೇ, ಆ ಜಮಖಾನೆಯ ಅಂಚಿನಲ್ಲೇ ಅವನಿಗೆ ಸೋತುಹೋದೆ. ನನಗೆ ಈ ಗಂಡನೇ ಬೇಕು ಎನಿಸಿತು. ಬೇಕು ಎನಿಸಿದ ಕೂಡಲೇ ಬಾಯಿ ಮುಚ್ಚುವುದು ಜಾಣತನ. ನನಗೆ ಉತ್ಸಾಹ ಏರಿ ಬಾಯಿ ಇನ್ನೂ ದೊಡ್ಡದಾಯಿತು.

"ಆಮ್ಲ ಅಲ್ರಿ ಸರ್ರ! ನೀರು ಕಾದಂಗ ಅದರ ಕಣ ಹೆಚ್ಚು ಹೆಚ್ಚು ಒಡೀತಾವ. ಒಂದು ಕಣ ಒಡದ್ರ ಒಂದು ತುಣುಕು ಹೈಡ್ರೋಜನ್ ಕಡೆ, ಒಂದು ತುಣುಕು ಹೈಡ್ರಾಕ್ಸೈಡ್ ಕಡೆ. ಎರಡೂ ಕಡೆ ಸಮಾ ಹೆಚ್ಚಾಗ್ತಾವ. ಈಗ ನೋಡ್ರಿ, ನಿಮ್ಮ ಕಡೆ ಆರು ಮಂದಿ ಕುಂತೀರಿ, ನಮ್ಮ ಕಡೆ ಆರು ಮಂದಿ ಅದೀವಿ. ನಾಳೆ ಮದುವ್ಯಾಗ ನಿಮ್ಮವ್ರು ಇನ್ನೂರು ಮಂದಿ ಆಗ್ತಾರ, ನಮ್ಮವ್ರೂ ಇನ್ನೂರು ಮಂದಿ. ಗದ್ದಲ ಹೆಚ್ಚಾತು ಖರೆ, ಆದ್ರ ಯಾರ ಕೈನೂ ಮ್ಯಾಲಾಗ್ಲಿಲ್ಲ. ಪಿಎಚ್ ಅನ್ನೂದು ಹೈಡ್ರೋಜನ್ ಕಡೆ ಮಂದಿನ್ನಷ್ಟ ಎಣಸ್ತೈತಿ. ಅವ್ರು ಹೆಚ್ಚಾದ್ರ ಅಂಕಿ ಇಳೀತೈತಿ. ಎದುರಿನವ್ರೂ ಅಷ್ಟ ಹೆಚ್ಚಾಗಿರ್ತಾರ ನೋಡ್ರಿ, ಅದಕ್ಕ ನೀರು ಆಮ್ಲ ಆಗೂದಿಲ್ಲ. ಬಿಸಿ ನೀರಿನ ನಡುಮಧ್ಯ ಏಳಲ್ಲ, ಅದಕ್ಕಿಂತ ಕೆಳಗ, ಅಷ್ಟ!"

ಇಷ್ಟನ್ನು ನಾನು ಒಂದೇ ಉಸಿರಿಗೆ, ಕೈ ಬೀಸಿ ಬೀಸಿ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅವನ ಅತ್ತೆ ಮಾತ್ರ ಕಣ್ಣರಳಿಸಿ, "ನಾಳೆ ಮದುವ್ಯಾಗ ಅಂದ್ಲಲ್ಲ! ಮದುವಿ ಯಾವಾಗ ಗಟ್ಟಿ ಆತು?" ಎಂದರು.

ಅಯ್ಯೋ ನನ್ನ ಕರ್ಮವೇ! ಮುಖ ಕಾದ ಹಂಚಿನಂತಾಯಿತು. ಹೆಡ್‌ಮಾಸ್ತರರು ಅರ್ಧ ತಿಂದ ತಾಟನ್ನು ಕೆಳಗಿಟ್ಟು ಎದ್ದರು. ಅವರು ಎದ್ದಮೇಲೆ ಉಳಿದವರೂ ಏಳಲೇಬೇಕಲ್ಲ. ಅವ್ವ ಎಲೆ ಅಡಿಕೆಯ ತಬಕು ಹಿಡಿದು ಓಡಿ ಬರುವಷ್ಟರಲ್ಲಿ ಅವರು ಅಂಗಳ ದಾಟಿದ್ದರು. ನಮ್ಮ ಕಡೆ ಬೀಗರು ಎಲೆ ಅಡಿಕೆ ಮುಟ್ಟದೆ ಹೋದರೆ ಆ ಮಾತು ಅಲ್ಲಿಗೆ ಮುಗಿದಂತೆ. "ತಿಳಸ್ತೇವಿ" ಎಂಬ ಸುಳ್ಳನ್ನೂ ಅವರು ಹೇಳಲಿಲ್ಲ. ಕಾರು ಹೋಯಿತು. ಹಿಂದಿನ ಗಾಜಿನಲ್ಲಿ ವರನ ಮುಖ ಕಂಡಿತು. ಅದರಲ್ಲಿ ನಗು ಇರಲಿಲ್ಲ.

"ಏಳು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು ಖೋಡಿ!" ಅವ್ವ ತಬಕು ಕುಕ್ಕಿ ಹಣೆ ಹಣೆ ಬಡಿದುಕೊಂಡಳು. ಮಾಮಾ, "ನಾ ಬೆರಳು ತೋರ್ಸಿದ್ದೆ ಅಕ್ಕಾ, ಏಳೂ ತೋರ್ಸಿದ್ದೆ" ಎಂದು ತನ್ನ ನಿರಪರಾಧಿತ್ವ ಸಾಬೀತು ಮಾಡುತ್ತಿದ್ದ. ನಾನು ಹಿತ್ತಲಿಗೆ ಹೋಗಿ, ಒಣಹಾಕಿದ್ದ ಗೋವಿನಜೋಳದ ರಾಶಿಯ ಪಕ್ಕ ಕುಳಿತು ಅಳತೊಡಗಿದೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದ. ಅಪ್ಪ ಕಡಿಮೆ ಮಾತಿನವನು. ಅವನು ಹೊಲದಲ್ಲೇ ಮಾತೆಲ್ಲ ಮುಗಿಸಿ ಬರುತ್ತಾನೆ ಎಂದು ಅವ್ವ ಆಡಿಕೊಳ್ಳುತ್ತಾಳೆ.

"ನೀ ಹೇಳಿದ್ದು ಖರೆ ಐತೇನು?"

"ಖರೆ ಐತಪ್ಪಾ."

"ಮತ್ಯಾಕ ಅಳಾಕತ್ತಿ?"

"ಅಂವ ಭಾಳ ಚಲೋ ನಕ್ಕಾ, ಅಪ್ಪಾ."

ಅಪ್ಪ ಎರಡು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು, ಒಣಗಿದೆಯೇ ಎಂದು ಕಡಿದು ನೋಡಿ, "ಹಂಗೇನು" ಎಂದು ಎದ್ದುಹೋದ.

ಅದಾಗಿ ಕೆಲವು ದಿನಕ್ಕೆ, ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಜೋತುಬಿದ್ದಿದ್ದಾಗ ಫೋನು ಬಂತು. ಹೊಸ ನಂಬರು. "ನಾನ್ರೀ, ಸವಣೂರಿಂದ. ಅವಲಕ್ಕಿ ನೆತ್ತಿಗೇರಿತ್ತಲ್ರೀ, ಅಂವಾ" ಎಂದಿತು ದನಿ. ನನ್ನ ಕಾಲು ಬಸ್ಸಿನ ನೆಲದ ಮೇಲೆ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

"ನಿಮ್ಮ ಮಾಮಾರ ಕಡೆ ನಂಬರ್ ಇಸ್ಕೊಂಡೆ. ನಮ್ಮಪ್ಪಾರು ಅವತ್ತಿಂದ ನೀರು ಕಾಸಾಕತ್ತಾರ್ರೀ. ಲಿಟ್ಮಸ್ ಕಾಗದ ತರ್ಸಿ ಕುದಿಯೂ ನೀರಾಗ ಅದ್ದಿ ಅದ್ದಿ ಮನಿ ತುಂಬ ಒಣ ಹಾಕ್ಯಾರ. ನೀಲಿ ಕಾಗದ ಕೆಂಪಾಗ್ಲಿಲ್ಲ, ನಾನ ಗೆದ್ದೆ ಅಂತ ಕುಣ್ಯಾಕತ್ತಾರ."

"ನಾ ಯಾವಾಗ ಕೆಂಪಾಗ್ತೈತಿ ಅಂದೇನ್ರಿ? ಆಮ್ಲ ಅಲ್ಲ ಅಂತ ಬಡ್ಕೊಂಡೆ ನಾನು! ಅಲ್ರೀ, ಅವ್ರು ನನ್ನ ಮಾತನ್ನ ನನಗ ತಿರುಗಿಸಿ ಹೇಳಿ ಗೆದ್ದೆ ಅಂದ್ರ ಹೆಂಗ?" ಇಡೀ ಬಸ್ಸು ನನ್ನತ್ತ ತಿರುಗಿತು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನಿಂತ. ಆ ಕಡೆಯಿಂದ ಮತ್ತೆ ಅದೇ ನಗು. ನನಗೆ ಸಿಟ್ಟೂ ಬಂತು, ಹಿತವೂ ಆಯಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕು?

"ಅವ್ರನ್ನ ಕರ್ಕೊಂಡು ನಮ್ಮ ಕಾಲೇಜಿಗೆ ಬರ್ರಿ. ಪಿಎಚ್ ಅಳಿಯೂ ಮೀಟರ್ ಐತಿ. ಕಣ್ಣಿಲೆ ನೋಡ್ಲಿ."

"ಕರದ್ರ ಬರಾಂಗಿಲ್ಲ. ನೀವು ಬರಬ್ಯಾಡ್ರಿ ಅಂದೀರಿ ಅಂತ ಹೇಳ್ತೇನಿ. ಅಂದ್ರ ಬರ್ತಾರ."

ಶನಿವಾರ ಕ್ಲಾಸು ಮುಗಿದ ಮೇಲೆ, ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಲ್ಯಾಬಿನಲ್ಲಿ ಕಾಯುತ್ತಿದ್ದೆ. ಮಗನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಅದೇ ಗರಿಗರಿ ಅಂಗಿಯಲ್ಲಿ ಹೆಡ್‌ಮಾಸ್ತರರು ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕ್ಯಾನು. ಸವಣೂರಿನ ಬ್ಯಾಟರಿ ಅಂಗಡಿಯಿಂದ ತಂದ ಭಟ್ಟಿ ಇಳಿಸಿದ ನೀರು. "ನಿನ್ನ ನೀರು ನಂಬೂದಿಲ್ಲ ನಾ" ಎಂದು ಮೇಜಿನ ಮೇಲೆ ಕುಟ್ಟಿದರು.

ಗೆದ್ದರೆ ಇವರ ಮನೆ ಸೇರಬಹುದು, ಸೋತರೆ ಅಲ್ಲಿಗೆ ಆಯಿತು ಎಂದುಕೊಂಡಿದ್ದೆ. ಗೆದ್ದರೂ ಸೇರಲಾರೆನೇನೋ ಎಂಬ ಹೆದರಿಕೆಯೂ ಇತ್ತು. ಮುಖಭಂಗ ಮಾಡಿದ ಹುಡುಗಿಯನ್ನು ಯಾವ ಮಾವ ಸೊಸೆ ಮಾಡಿಕೊಳ್ಳುತ್ತಾನೆ? ಮೀಟರನ್ನು ಹೊಂದಿಸಿ, ಅವರ ಕ್ಯಾನಿನ ನೀರನ್ನು ಬೀಕರಿಗೆ ಸುರಿದು ಮೀಟರಿನ ಕಡ್ಡಿ ಅದ್ದಿದೆ. ಮೊದಲು ತಣ್ಣೀರಿನಲ್ಲಿ ಏಳು ತೋರಿಸಿ ಆಮೇಲೆ ಕಾಯಿಸೋಣ ಎಂದು.

ಮೀಟರು ಅತ್ತಿತ್ತ ತೂಗಾಡಿ, ಆರಕ್ಕಿಂತ ಕೆಳಗೆ ಹೋಗಿ ನಿಂತಿತು.

"ಏ! ಇದು ನಂದೂ ಅಲ್ಲ, ನಿಂದೂ ಅಲ್ಲ!" ಎಂದು ಹೆಡ್‌ಮಾಸ್ತರರು ಕೂಗಿದರು. "ತಣ್ಣೀರಽ ಆಮ್ಲ ಆಗೇತಲ್ಲ! ಮೀಟರ್ ಕೆಟ್ಟೈತಿ. ನಡಿಯೋ ಹೋಗೂಣು."

ಅವರು ಬಾಗಿಲತನಕ ಹೋಗಿಬಿಟ್ಟಿದ್ದರು. ಮಗ ಕದಲದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಆಗ ಹೊಳೆಯಿತು ನೋಡಿ. ಕ್ಲಾಸಿನಲ್ಲಿ ವರ್ಷಾ ವರ್ಷಾ ಹೇಳುವ ಮಾತು, ಹೆದರಿಕೆಯಲ್ಲಿ ಮರೆತೇ ಹೋಗಿತ್ತು. "ನಿಲ್ರೀ ಸರ್ರ! ಗಾಳಿ ಕುಡದೈತ್ರಿ ಅದು!" ಎಂದು ಅರಚಿದೆ. "ಕ್ಯಾನಿನ ಬಾಯಿ ತಗದು ಎಷ್ಟು ದಿನ ಆತೋ ಏನೋ. ಗಾಳ್ಯಾಗಿನ ಇಂಗಾಲದ ಡೈಆಕ್ಸೈಡ್ ನೀರಾಗ ಇಳದು ಹುಳಿ ಮಾಡೇತಿ. ಶುದ್ಧ ನೀರು ಅಂದ್ರಲ್ಲ, ಇದು ಶುದ್ಧ ಉಳದಿಲ್ಲ. ಚಲೋತ್ನ್ಯಾಗ ಕುದಿಸಿದ್ರ ಗಾಳಿ ಹೋಗ್ತೈತ್ರಿ. ಕುಂಡ್ರಿ, ದಯಮಾಡಿ ಕುಂಡ್ರಿ!"

ಅವರು ಸಂಶಯದಿಂದಲೇ ಸ್ಟೂಲಿನ ಮೇಲೆ ಕುಳಿತರು. ನಾನು ನೀರನ್ನು ಸಾಕಷ್ಟು ಹೊತ್ತು ಕುದಿಸಿ, ಸಣ್ಣ ಬಾಯಿಯ ಫ್ಲಾಸ್ಕಿನಲ್ಲಿ ಕತ್ತಿನವರೆಗೆ ತುಂಬಿ, ಮೀಟರು ತೂಗಾಡದಿರಲೆಂದು ಚೂರು ಪೊಟ್ಯಾಸಿಯಂ ಕ್ಲೋರೈಡ್ ಹಾಕಿ, ಕಡ್ಡಿಯೂ ಥರ್ಮಾಮೀಟರೂ ಹೋಗುವಷ್ಟು ಮಾತ್ರ ತೂತಿದ್ದ ಬಿರಡೆ ಬಿಗಿದೆ. "ಉಪ್ಪು ಹಾಕಿದೆ ನೀನು" ಎಂದು ಅವರು ಹಿಡಿದುಕೊಂಡರು. "ಈ ಉಪ್ಪು ಯಾರ ಪಕ್ಷಾನೂ ಅಲ್ರಿ" ಎಂದೆ. ಯೋಚಿಸಿ ತಲೆಯಾಡಿಸಿದರು. ವಿಜ್ಞಾನದ ಮಾಸ್ತರರಲ್ಲವೇ, ಅಷ್ಟು ನ್ಯಾಯ ಇತ್ತು.

ಅರವತ್ತು ಡಿಗ್ರಿಗೆ ಇಳಿದಾಗ ಮೀಟರು ಆರೂವರೆ ತೋರಿಸಿತು. ಆಮೇಲೆ ನೀರು ಆರಿದಂತೆ ಆರಿದಂತೆ ಅಂಕಿ ಮೆಲ್ಲಗೆ ಹತ್ತತೊಡಗಿತು. ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದ್ದೆವು. ಹೆಡ್‌ಮಾಸ್ತರರು ಗುಂಡಿಯೊಂದನ್ನು ತೋರಿಸಿ, "ಇದು ಉಷ್ಣತಾ ಸರಿಪಡಿಸೂದು ಅಲ್ಲೇನು? ಹಂಗಿದ್ರ ಏಳಽ ತೋರಸಬೇಕಿತ್ತಲ್ಲ?" ಎಂದರು. ಭಲೇ ಪ್ರಶ್ನೆ! ನನಗೆ ಕುಣಿಯುವ ಹಾಗಾಯಿತು. "ಅದು ಮೀಟರಿನ ಕಣ್ಣಿಗೆ ಚಾಳೀಸು ಹಾಕಿದಂಗ್ರಿ. ನೋಡೂ ಕಣ್ಣು ಸರಿ ಮಾಡ್ತೈತಿ, ನೀರನ್ನ ಬದಲಸೂದಿಲ್ಲ."

ಕೋಣೆಯ ಬಿಸಿಗೆ ಬಂದಾಗ ಮೀಟರು ಏಳರ ಹತ್ತಿರ ನಿಂತಿತು. "ಏಳು!" ಎಂದರು ಅವರು, ಕಳೆದುಹೋದ ಎಮ್ಮೆ ಸಿಕ್ಕವರಂತೆ. ಅಷ್ಟರಲ್ಲಿ ಮಗ ಎದುರಿನ ಸೋಡಾ ಅಂಗಡಿಯಿಂದ ಬರ್ಫು ತಂದಿದ್ದ. ಫ್ಲಾಸ್ಕನ್ನು ಬರ್ಫಿನಲ್ಲಿಟ್ಟೆವು. ಅಂಕಿ ಏಳನ್ನು ದಾಟಿ ಮೇಲೆ ಹತ್ತಿತು. ಬರ್ಫು ಹಿಡಿದು ಕೆಂಪಾದ ಅವನ ಕೈ ನನ್ನ ಕೈಗೆ ತಾಗಿತು. ಯಾವ ಅಂಕಿಗೆ ನಿಂತಿತು ಎಂದು ಈಗ ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ.

ಹೆಡ್‌ಮಾಸ್ತರರು ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಒರೆಸಿದರು.

"ಎಷ್ಟು ಹುಡುಗ್ರಿಗೆ ಏಳು, ಏಳು ಅಂತ ಬಾಯಿಪಾಠ ಮಾಡಸಿದೆ. ಡಿಗ್ರಿ ಹೇಳ್ಲಿಲ್ಲ" ಎಂದರು ಕೊನೆಗೆ.

"ಏಳು ತಪ್ಪಲ್ರಿ ಸರ್ರ. ಇಪ್ಪತ್ತೈದು ಡಿಗ್ರಿಗೆ..."

"ಸುಮ್ಮನಿರು. ಸಮಾಧಾನ ಮಾಡಾಕ ಬರಬ್ಯಾಡ ನನಗ. ಅವತ್ತ ಎದುರಿಗೆ ನಿಂತು ಜಗಳಾ ಆಡಿದ್ಯಲ್ಲ, ಅದಽ ಚಲೋ ಇತ್ತು." ಅವರು ಮೀಟರಿನ ಕಡೆಗೇ ನೋಡುತ್ತ ಹೇಳಿದರು. "ನನ್ನ ಹೆಂಡ್ತಿ ಸಾಲಿ ಕಲ್ತಾಕಿ ಅಲ್ಲ. ಆದ್ರ ನಾ ಏನರ ಅಂದ್ರ ಸಾಕು, ಯಾಕ ಅಂತಿದ್ಲು. ಊಟಕ್ಕ ಕುಂತ್ರೂ ಯಾಕ, ಊರಿಗೆ ಹೊಂಟ್ರೂ ಯಾಕ. ಅಕಿ ಹೋಗಿಂದ ಮನ್ಯಾಗ ಎಲ್ಲಾರೂ ನನಗ ಹೂಂ ಅಂತಾರವ್ವಾ. ಈ ಮಗಾನೂ ಹೂಂ ಅಂತಾನ. ಹೂಂ ಕೇಳಿ ಕೇಳಿ ಸಾಕಾಗೇತಿ ನನಗ. ಅವತ್ತ ನಿಮ್ಮ ಮನ್ಯಾಗಿಂದ ಸಿಟ್ಟಿಲೆ ಎದ್ದು ಹೋಗ್ಲಿಲ್ಲ ನಾ. ಅಲ್ಲೇ ಕುಂತಿದ್ರ ಅಷ್ಟೂ ಮಂದಿ ಮುಂದ ಕಣ್ಣಾಗ ನೀರು ಬರ್ತಿದ್ದು."

ಲ್ಯಾಬಿನಲ್ಲಿ ಬರ್ಫು ಕರಗಿ ಮೇಜಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮಗ ಅಪ್ಪನನ್ನು ಹೊಸದಾಗಿ ನೋಡುವವನಂತೆ ನೋಡುತ್ತಿದ್ದ. ಅವನಿಗೂ ಇದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಎಲ್ಲಕ್ಕೂ ಉತ್ತರ ಇಟ್ಟುಕೊಂಡು ತಿರುಗುವ ನಾನು ಬಟ್ಟೆ ತಂದು ಮೇಜು ಒರೆಸತೊಡಗಿದೆ.

ಅವರೇ ಎದ್ದು ನಿಂತು ಕೇಳಿದರು. "ಮನಿಗೆ ಯಾವಾಗ ಬರ್ತಿ?"

"ನಾಳೆ ಬರ್ಲೇನ್ರಿ?" ಎಂದಿತು ನನ್ನ ಬಾಯಿ.

ಮಗನ ಕೈಯಿಂದ ಬರ್ಫಿನ ಡಬ್ಬಿ ಜಾರಿ ಬಿತ್ತು. ಅವ್ವ ಅಲ್ಲಿ ಇದ್ದಿದ್ದರೆ ನನ್ನನ್ನು ಅಲ್ಲೇ ಹೂಳುತ್ತಿದ್ದಳು. ಹೆಡ್‌ಮಾಸ್ತರರು ಕೆನ್ನೆ ತುಂಬ ನಗುತ್ತ, ತಲೆಯಲ್ಲಾಡಿಸಿ, "ನಾಳೆ ಬ್ಯಾಡ ಹುಚ್ಚವ್ವಾ. ನಾಳೆ ಅಮಾಸಿ ಐತಿ" ಎಂದರು.

"ಅಮಾಸಿ ಇದ್ರ ಬರಬಾರ್ದು ಯಾಕ್ರಿ?"

ಅವರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಮತ್ತೆ ಗಟ್ಟಿಯಾಗಿ ಕುಳಿತು, ಎದುರಿನ ಸ್ಟೂಲು ತೋರಿಸಿದರು.

"ಕುಂಡ್ರು. ಅದನ್ನೂ ಬಗೀಹರಸೂಣು."